ಹೃದಯ ಮಲಗಿದ್ದಾಗ

ಅವರಿಗೆ ‘ಚಿನ್ನದ ಕೈ’ ಎಂಬ ಹೆಸರು ಬಿದ್ದದ್ದು ಒಂದು ಪತ್ರಿಕೆಯ ಲೇಖನದಿಂದ. ಆ ಲೇಖನದ ಚಿತ್ರದಲ್ಲಿ ಅವರು ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಅಗಲಿಸಿ, ದೂರದಲ್ಲೆಲ್ಲೋ ನೋಡುತ್ತಾ ನಿಂತಿದ್ದರು. ಆ ಪುಟಕ್ಕೆ ಚೌಕಟ್ಟು ಹಾಕಿಸಿ, ಆಪರೇಷನ್ ಥಿಯೇಟರಿಗೆ ಹೋಗುವ ಕಾರಿಡಾರಿನಲ್ಲಿ, ಮಕ್ಕಳನ್ನು ಒಳಗೆ ಕಳಿಸಿ ಕಣ್ಣೊರೆಸಿಕೊಳ್ಳುವ ತಾಯಂದಿರಿಗೆ ನೇರ ಕಾಣುವಂತೆ ತೂಗುಹಾಕಲಾಗಿತ್ತು. ಹಾಕಿಸಿದ್ದು ಯಾರೆಂದು ಕೇಳಿದರೆ “ಆಡಳಿತದವರು, ನಾನು ಬೇಡ ಅಂದೆ” ಎನ್ನುತ್ತಿದ್ದರು. ಮೊಳೆ ಎಲ್ಲಿ ಹೊಡೆಯಬೇಕೆಂದು ಅರ್ಧ ದಿನ ನಿಂತು ತೋರಿಸಿದವರು ಮಾತ್ರ ಅವರೇ.

ಎದುರಿಗೆ ಎಲ್ಲರೂ ‘ಸರ್’ ಎನ್ನುತ್ತಿದ್ದರು. ಬೆನ್ನ ಹಿಂದೆ ‘ಚಿನ್ನದ ಕೈ’. ಅದನ್ನು ಹೇಳುವಾಗ ಪಂಪಕ್ಕನ ಮೂಗು ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಮಾಸ್ಕ್ ಹಾಕಿಕೊಂಡಿದ್ದರೂ ಗೊತ್ತಾಗುತ್ತಿತ್ತು.

ಪಂಪಕ್ಕನ ಕೆಲಸ, ಹೆಸರೇ ಹೇಳುವಂತೆ, ಪಂಪ್ ನಡೆಸುವುದು. ಎದೆ ತೆರೆದಾಗ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ವಹಿಸಿಕೊಳ್ಳುವ ಯಂತ್ರ ಅವಳ ಸುಪರ್ದಿಯಲ್ಲಿತ್ತು. ಅದರ ಕೊಳವೆಗಳಿಗೆ ಬೇರೆ ಯಾರಾದರೂ ಕೈ ಇಟ್ಟರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು. ಓದಿದವಳು, ಬಾಯಿ ಜೋರು, ತನ್ನ ಕೆಲಸ ತನಗೆ ಗೊತ್ತು ಎಂಬ ಜಂಭ ಬೇಕಾದಷ್ಟಿತ್ತು. ಥಿಯೇಟರಿನ ಅರಿವಳಿಕೆ ಡಾಕ್ಟರು ಅವಳ ಗಂಡನ ಅಣ್ಣ. ಅವರನ್ನು ಅವಳು ಮನೆಯಲ್ಲೂ ಇಲ್ಲೂ ‘ಭಾವ’ ಎಂದೇ ಕರೆಯುತ್ತಿದ್ದಳು. ಹೀಗಾಗಿ ಇಡೀ ಆಸ್ಪತ್ರೆಗೇ ಅವರು ಭಾವ ಆಗಿಬಿಟ್ಟಿದ್ದರು. ಒಳ್ಳೆಯ ಮನುಷ್ಯ. ಬೆಳಗ್ಗೆ ಹೆಂಡತಿ ತೆಗೆದಿಟ್ಟ ಅಂಗಿ ಹಾಕಿಕೊಂಡು ಬಂದು, ಸಂಜೆಯವರೆಗೆ ಯಾರು ಏನು ಹೇಳಿದರೂ “ಅದೂ ಸರಿನೇ” ಎನ್ನುವವರು.

ಚಿಕ್ಕ ಮಗುವಿನ ಹೃದಯದೊಳಗೆ ಹೊಲಿಗೆ ಹಾಕಬೇಕಾದರೆ ಅದು ಬಡಿಯುತ್ತಿರಬಾರದು. ಆದ್ದರಿಂದ ದೊಡ್ಡ ರಕ್ತನಾಳಕ್ಕೆ ಚಿಮಟ ಹಾಕಿ ರಕ್ತ ತಡೆದು, ಹೃದಯದ ಸ್ನಾಯುವಿಗೆ ಮಂಜಿನಂತೆ ತಣ್ಣಗಿನ ಒಂದು ದ್ರವ ಬಿಡುತ್ತಾರೆ. ಥಿಯೇಟರಿನ ಮಾತಿನಲ್ಲಿ ಅದು ‘ಪ್ಲೀಜಿಯಾ’. ಅದು ಹೋದ ಕೂಡಲೇ ಹೃದಯ ಮಲಗಿಬಿಡುತ್ತದೆ. ಮಲಗಿದ ಸ್ನಾಯುವಿಗೆ ಹಸಿವು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೇ ಅಲ್ಲಿ ಬಳಸುತ್ತಿದ್ದ ದ್ರವವನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ ಕೊಡಬೇಕಿತ್ತು. ತಡವಾದರೆ ಸ್ನಾಯು ಬೆಚ್ಚಗಾಗುತ್ತದೆ, ಅರೆನಿದ್ದೆಯಲ್ಲಿ ಮಿಡುಕುತ್ತದೆ, ಕೂಡಿಟ್ಟುಕೊಂಡ ಶಕ್ತಿಯನ್ನೆಲ್ಲ ತಿಂದು ಮುಗಿಸುತ್ತದೆ. ಆಮೇಲೆ ಹೊಲಿಗೆ ಎಷ್ಟು ಚೆಂದವಿದ್ದರೇನು, ಏಳು ಎಂದರೆ ಅದು ಏಳುವುದಿಲ್ಲ.

ಅದಕ್ಕಾಗಿ ಆ ಥಿಯೇಟರಿನಲ್ಲಿ ಮೊದಲಿನಿಂದ ಒಂದು ಪದ್ಧತಿಯಿತ್ತು. ಹೊತ್ತಾದ ಕೂಡಲೇ ಪಂಪಿನವರು ಗಟ್ಟಿಯಾಗಿ ಕೂಗಬೇಕು, ಸರ್ಜನ್ ಗಟ್ಟಿಯಾಗಿ ಉತ್ತರಿಸಬೇಕು. “ಪ್ಲೀಜಿಯಾಗೆ ಹೊತ್ತಾಯ್ತು!” “ಕೊಡಿ!” ಅಷ್ಟೇ. ಚಿನ್ನದ ಕೈ ಬಂದ ಮೇಲೆ ಒಂದು ದಿನ, ಮೇಲಿನ ಗಾಜಿನ ಗ್ಯಾಲರಿಯಲ್ಲಿ ಅತಿಥಿಗಳು ಕೂತು ನೋಡುತ್ತಿದ್ದಾಗ, ಪಂಪಕ್ಕನ ಕೂಗಿಗೆ ಅವರಲ್ಲೊಬ್ಬರು ಕಿಸಕ್ಕನೆ ನಕ್ಕರು. ಆಪರೇಷನ್ ಮುಗಿದ ಮೇಲೆ ಚಿನ್ನದ ಕೈ ಅವಳನ್ನು ನಿಲ್ಲಿಸಿಕೊಂಡರು.

“ಏನಮ್ಮ, ಇದೇನು ಬಸ್ ಸ್ಟ್ಯಾಂಡಾ? ಒಳ್ಳೆ ಕಂಡಕ್ಟರ್ ಥರ ಕೂಗ್ತೀಯಲ್ಲ. ನನ್ನ ಕೈಗೆ ಏಕಾಗ್ರತೆ ಬೇಕು. ಇನ್ಮೇಲೆ ಕೂಗೋದು ಬೇಡ. ನನಗೆ ಬೇಕಾದಾಗ ನಾನೇ ಕೇಳ್ತೀನಿ.”

“ಆಯ್ತು ಸರ್,” ಎಂದಳು ಪಂಪಕ್ಕ. ಹೊರಗೆ ಬಂದು ಭಾವನ ಹತ್ತಿರ, “ಕೈಗೆ ಏಕಾಗ್ರತೆ ಅಂತೆ! ನಮಗೆಲ್ಲ ಅದು ತಲೇಲಿರುತ್ತೆ. ಅವರ ತಲೇಲಿ ಜಾಗ ಇಲ್ಲ ಪಾಪ, ಪೂರ್ತಿ ಅವರೇ ತುಂಬ್ಕೊಂಡಿದಾರೆ,” ಎಂದಳು.

“ಶ್, ಮೆಲ್ಲಗೆ! ಯಾಕಮ್ಮ ಅವರ ತಂಟೆ. ಅವರು ಹೇಳೋದೂ ಸರಿನೇ.”

“ನಾನು ಹೇಳೋದು?”

“ಅದೂ ಸರಿನೇ.”

ಅಂದಿನಿಂದ ಕೂಗು ನಿಂತಿತು. ಚಿನ್ನದ ಕೈ ತಾವೇ ಕೇಳುತ್ತಿದ್ದರು. ಒಮ್ಮೆ ಸ್ವಲ್ಪ ಮುಂಚೆ, ಒಮ್ಮೆ ಸ್ವಲ್ಪ ತಡವಾಗಿ. ಕೈ ನಿಜಕ್ಕೂ ಚುರುಕಾಗಿದ್ದರಿಂದ ಯಾವ ಅನಾಹುತವೂ ಆಗಲಿಲ್ಲ. ಅದನ್ನು ಪಂಪಕ್ಕನೂ ಒಪ್ಪುತ್ತಿದ್ದಳು, ಹಲ್ಲು ಕಚ್ಚಿಕೊಂಡು.

ಆ ದಿನದ ಮಗು ನಾಲ್ಕು ತಿಂಗಳ ಹೆಣ್ಣು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಹಾಲು ಕುಡಿಯುವಷ್ಟರಲ್ಲೇ ಬೆವರಿ ಸುಸ್ತಾಗುತ್ತಿತ್ತು. ಅದನ್ನು ಒಳಗೆ ಕರೆದೊಯ್ಯಲು ಪಂಪಕ್ಕ ಭಾವನ ಜೊತೆ ಹೊರಗೆ ಬಂದಾಗ, ಮಗುವಿನ ತಾಯಿ ಒಂದು ಪುಟ್ಟ ಕಾಲುಚೀಲವನ್ನು ಹಿಂಡುತ್ತಾ ಮಾತಿಲ್ಲದೆ ಕೂತಿದ್ದಳು. ಮಾತೆಲ್ಲ ಅಜ್ಜಿಯದು. ತಾಯಿಯ ತಾಯಿ, ಬಟ್ಟೆ ಹೊಲಿಯುವ ಅಂಗಡಿ ಇಟ್ಟು ಮೂರು ಮಕ್ಕಳನ್ನು ದಡ ಹತ್ತಿಸಿದವಳು. ಗೋಡೆಯ ಮೇಲಿನ ಚಿತ್ರವನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು.

“ಒಳಗೆ ಹೊಲಿಯೋನು ಇವನೇನಾ? ಉಗುರಿಗೆ ಬಣ್ಣ ಹಚ್ಚಿ ಒಣಗಿಸ್ತಾ ನಿಂತಿರೋ ಹಾಗಿದೆಯಲ್ಲ.”

ಭಾವ ಕೆಮ್ಮಿದರು. ಪಂಪಕ್ಕನಿಗೆ ಅಜ್ಜಿ ಅಲ್ಲೇ ಹಿಡಿಸಿಬಿಟ್ಟಳು.

“ಹೌದಜ್ಜಿ, ಅವರೇ. ಕೈ ಚೆನ್ನಾಗಿದೆ, ಹೆದರ್ಬೇಡಿ.”

“ನನ್ನ ಮೊಮ್ಮಗಳ ಎದೆ ನಿಲ್ಲಿಸ್ತಾರಂತೆ? ನಿಲ್ಲಿಸಿದಾಗ ಅದನ್ನ ನೋಡ್ಕೊಳ್ಳೋರು ಯಾರು?”

“ನಾನು.”

“ನೀನಾ?” ಅಜ್ಜಿ ಅವಳನ್ನೂ ಅಳೆದಳು. “ಆಯ್ತು. ಮುಖ ನೆನಪಿಟ್ಕೊಂಡಿರ್ತೀನಿ.”

ಒಳಗೆ ಮೇಲಿನ ಗಾಜಿನ ಹಿಂದೆ ಅತಿಥಿಗಳು ಆಗಲೇ ಬಂದು ಕೂತಿದ್ದರು. ದಾನ ಕೊಡುವವರು, ಕೊಡಿಸುವವರು, ಕೊಡಬಹುದೇನೋ ಎನ್ನುವವರು. ಚಿನ್ನದ ಕೈಯ ಕೊರಳ ಬಳಿ ಒಂದು ಸಣ್ಣ ಮೈಕು. ಅವರು ಬಾಗಿಲನ್ನು ಬೆನ್ನಿಂದ ತಳ್ಳಿ, ಒದ್ದೆ ಕೈಗಳನ್ನು ಎತ್ತಿ ಹಿಡಿದು ಒಳಗೆ ಬಂದ ರೀತಿ ನೋಡಿದರೆ, ಈಗ ಚಪ್ಪಾಳೆ ಬೀಳದಿದ್ದರೆ ವಾಪಸ್ ಹೋಗಿ ಇನ್ನೊಮ್ಮೆ ಬರುತ್ತಾರೇನೋ ಎನ್ನಿಸುತ್ತಿತ್ತು. ಉಪಕರಣ ಕೊಡುವ ಹಿರಿಯ ನರ್ಸ್, ಎಲ್ಲರೂ ‘ದೊಡ್ಡಮ್ಮ’ ಎನ್ನುವವರು, ಅವರಿಗೆ ಗೌನು ಹಾಕಿದರು. ಆ ಹೊತ್ತಿಗೂ ಚಿನ್ನದ ಕೈಯ ಕಣ್ಣು ಗಾಜಿನ ಮೇಲೇ ಇತ್ತು.

ಎದೆ ತೆರೆದದ್ದು, ಕೊಳವೆ ಜೋಡಿಸಿದ್ದು, ಪಂಪ್ ಹೊಣೆ ಹೊತ್ತದ್ದು ಎಲ್ಲ ಸಲೀಸಾಗಿ ನಡೆಯಿತು. ಚಿಮಟ ಬಿತ್ತು. ಮೊದಲ ಸಲದ ಪ್ಲೀಜಿಯಾ ಹೋಯಿತು. ನಿಂಬೆಹಣ್ಣಿನಷ್ಟು ದೊಡ್ಡ ಹೃದಯ ಒಮ್ಮೆ ಕಂಪಿಸಿ ಸುಮ್ಮನಾಯಿತು. ಅದರ ಮೇಲೆ ದೊಡ್ಡಮ್ಮ ಪುಡಿ ಮಂಜುಗಡ್ಡೆ ಸುರಿದರು. ಮಾನಿಟರಿನಲ್ಲಿ ಹೃದಯದ ಗೆರೆ ಎಳೆದ ದಾರದಂತೆ ನೇರವಾಯಿತು. ಪಂಪಕ್ಕ ತನ್ನ ಗಡಿಯಾರದ ಗುಂಡಿ ಒತ್ತಿದಳು.

“ನೋಡಿ,” ಎಂದು ಚಿನ್ನದ ಕೈ ಮೈಕಿಗೆ ಶುರುಮಾಡಿದರು. “ಈಗ ಈ ಹೃದಯ ನನ್ನ ಅಂಗೈಯಲ್ಲಿದೆ. ಪ್ರಪಂಚದಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ ಸಿಕ್ಕುತ್ತೆ ಹೇಳಿ?”

ಅವರಿಗೆ ಉತ್ತರ ಬೇಕಿರಲಿಲ್ಲ. ತಾನು ಈ ಕ್ಷೇತ್ರಕ್ಕೆ ಬಂದದ್ದು ಹೇಗೆ, ತನ್ನ ಗುರುಗಳು ತನ್ನ ಬೆರಳು ನೋಡಿ ಏನೆಂದರು, ಒಬ್ಬ ಪಿಯಾನೋ ವಾದಕ ತನ್ನ ಕೈ ಹಿಡಿದು ಹೇಗೆ ಬೆರಗಾದ, ಎಲ್ಲ ಬಂತು. ಹೊಲಿಗೆ ನಡುನಡುವೆ ನಿಲ್ಲುತ್ತಿತ್ತು, ಏಕೆಂದರೆ ಪಿಯಾನೋ ವಾದಕ ಕೈ ಹಿಡಿದದ್ದು ಹೇಗೆಂದು ತೋರಿಸಲು ಕೈ ಬೇಕಿತ್ತು. ಮೇಲಿನಿಂದ ಒಬ್ಬರು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರ ಇನ್ನೂ ಉದ್ದವಾಯಿತು.

ಪಂಪಕ್ಕ ಗಡಿಯಾರ ನೋಡಿದಳು. ಇಪ್ಪತ್ತು ಆಗಿತ್ತು.

ಅವಳು ಭಾವನ ಕಡೆ ತಿರುಗಿದಳು. ಭಾವ ಹುಬ್ಬು ಎತ್ತಿದರು. ಹೇಳು ಅಂತಲೋ, ಬೇಡ ಅಂತಲೋ, ಅವರ ಹುಬ್ಬಿಗೂ ಎರಡೂ ಸರಿಯೇ. ಪಂಪಕ್ಕ ಬಾಯಿ ತೆರೆಯಲಿಲ್ಲ. ಕೂಗಬೇಡ ಎಂದವರು ಅವರು ತಾನೇ? ನಾನೇ ಕೇಳ್ತೀನಿ ಎಂದರಲ್ಲ, ಕೇಳಲಿ. ಮರೆತರೆ ಮರೆಯಲಿ. ಇಷ್ಟು ಜನರ ಮುಂದೆ ‘ಅಯ್ಯೋ, ಹೊತ್ತಾಯ್ತಾ’ ಎಂದು ನಾಲಿಗೆ ಕಚ್ಚಿಕೊಳ್ಳಲಿ. ಆ ಮುಖ ನೋಡುವುದಕ್ಕಾದರೂ ಕಾಯಬೇಕು. ಅವಳ ಒಳಗೆ ಒಂದು ಸಿಹಿಯಾದ ತಣ್ಣನೆಯ ಖುಷಿ ಹರಡಿತು. ತಿಂಗಳುಗಟ್ಟಲೆ ನುಂಗಿದ ಅವಮಾನಕ್ಕೆಲ್ಲ ಅದು ಒಂದೇ ಗುಟುಕಿನಲ್ಲಿ ಔಷಧವಾಯಿತು. ಮಾಸ್ಕಿನೊಳಗೆ ಅವಳು ನಗುತ್ತಿದ್ದಳು.

ಚಿನ್ನದ ಕೈ ಈಗ ವಿದೇಶದ ಒಂದು ಸಮ್ಮೇಳನದಲ್ಲಿದ್ದರು. ಅಲ್ಲಿ ಇಡೀ ಸಭೆ ಎದ್ದುನಿಂತಿತಂತೆ.

‘ನಿಲ್ಲದೇ ಇನ್ನೇನು, ಕೂತು ಕೂತು ಕಾಲು ಜೋಮು ಹಿಡಿದಿರುತ್ತೆ’ ಎಂದುಕೊಂಡಳು ಪಂಪಕ್ಕ. ಆ ಮಾತನ್ನು ಸಂಜೆ ಓರಗಿತ್ತಿಗೆ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಅಭಿನಯ ಮಾಡಿಕೊಂಡಳು. ಇಪ್ಪತ್ತರ ಮೇಲೆ ಎಷ್ಟೋ ನಿಮಿಷ ಹೋಯಿತು. ದೊಡ್ಡಮ್ಮ ಒಮ್ಮೆ ಅವಳನ್ನು ದಿಟ್ಟಿಸಿದರು. ಅವಳು ಕಣ್ಣು ತಪ್ಪಿಸಿ ಮಾನಿಟರ್ ನೋಡಿದಳು.

ನೇರವಾಗಿದ್ದ ಗೆರೆಯ ಮೇಲೆ ಒಂದು ಸಣ್ಣ ಉಬ್ಬು ಬಂತು. ಇರುವೆ ಹಾದುಹೋದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು.

ಅವಳ ನಗು ಮಾಸ್ಕಿನೊಳಗೇ ಸತ್ತಿತು. ಹೃದಯ ನಿದ್ದೆಯಲ್ಲಿ ಹೊರಳುತ್ತಿತ್ತು. ರಕ್ತವಿಲ್ಲದೆ, ತಂಪಿಲ್ಲದೆ, ಅದು ತನ್ನ ಕೊನೆಯ ತುತ್ತನ್ನು ತಾನೇ ತಿನ್ನುತ್ತಿತ್ತು. ಚಿನ್ನದ ಕೈಗೆ ಪಾಠ ಕಲಿಸಲು ಅವಳು ಕಾದ ಒಂದೊಂದು ನಿಮಿಷಕ್ಕೂ ದಂಡ ಕಟ್ಟುತ್ತಿದ್ದುದು ನಿಂಬೆಹಣ್ಣಿನಷ್ಟಿದ್ದ ಆ ಮಾಂಸದ ಮುದ್ದೆ.

“ಪ್ಲೀಜಿಯಾಗೆ ಹೊತ್ತಾಯ್ತು!”

ಕೂಗು ಮೈಕಿನೊಳಗೆ ಹೊಕ್ಕು ಗಾಜಿನಾಚೆಗೂ ಹೋಯಿತು. ಮೇಲೆ ಕೂತವರು ಬೆಚ್ಚಿ ಮುಂದಕ್ಕೆ ಬಾಗಿದರು.

ಚಿನ್ನದ ಕೈ ತಲೆಯೆತ್ತಲಿಲ್ಲ. “ನಮ್ಮ ಥಿಯೇಟರಿನ ಗಡಿಯಾರ ಸ್ವಲ್ಪ ಜೋರು,” ಎಂದು ಮೇಲಿನವರನ್ನು ನಗಿಸಿ, ಮೈಕಿನಿಂದ ಮುಖ ತಿರುಗಿಸಿ ದನಿ ತಗ್ಗಿಸಿ, “ನಿನಗೆ ಏನು ಹೇಳಿದ್ದೆ ನಾನು? ಇನ್ನು ಎರಡೇ ಹೊಲಿಗೆ. ಸುಮ್ನಿರು,” ಎಂದರು.

“ಆಗಲ್ಲ ಸರ್. ತುಂಬಾ ಹೊತ್ತಾಗಿದೆ. ಗೆರೆ ಎದ್ದಿದೆ, ನೋಡಿ.”

“ಎರಡು ಹೊಲಿಗೆ ಅಂದೆ. ಈಗ ಬಿಟ್ಟರೆ ಎಲ್ಲ ಸಡಿಲ ಆಗುತ್ತೆ. ಭಾವ, ನೀವಾದ್ರೂ ಹೇಳ್ರಿ ಇವಳಿಗೆ.”

ಎಲ್ಲರೂ ಭಾವನ ಕಡೆ ನೋಡಿದರು. ಭಾವ “ಅದೂ...” ಎಂದು ಶುರುಮಾಡಿ, ಪಂಪಕ್ಕನ ಕಣ್ಣು ನೋಡಿ ಅಲ್ಲೇ ನಿಂತರು. ಪಂಪಕ್ಕ ತನ್ನಷ್ಟಕ್ಕೆ ದ್ರವ ಬಿಡುವಂತಿರಲಿಲ್ಲ. ಹೃದಯವನ್ನು ಎಳೆದು ಹಿಡಿದ ಕೊಕ್ಕೆಗಳನ್ನು ಸರ್ಜನ್ ಸಡಿಲಿಸದೆ, ನಾಳದೊಳಗಿನ ಗಾಳಿ ತೆಗೆಯದೆ ಬಿಟ್ಟರೆ, ಉಳಿಸುವ ಔಷಧವೇ ಕೊಲ್ಲುತ್ತದೆ.

“ಸೂಜಿ,” ಎಂದು ಚಿನ್ನದ ಕೈ ಅಂಗೈ ಚಾಚಿದರು.

ಅಂಗೈ ಖಾಲಿಯೇ ಉಳಿಯಿತು.

“ದೊಡ್ಡಮ್ಮ, ಸೂಜಿ ಕೊಡಿ.”

“ಕೊಡ್ತೀನಿ ಸರ್,” ಎಂದರು ದೊಡ್ಡಮ್ಮ. ದಾರ ಪೋಣಿಸಿದ ಸೂಜಿಯನ್ನು ಎದೆಗೊತ್ತಿ ಹಿಡಿದಿದ್ದರು. “ಎಲ್ಲಿಗೂ ಹೋಗಲ್ಲ, ಇಲ್ಲೇ ಇದೆ. ಮೊದ್ಲು ಔಷಧ ಹೋಗ್ಲಿ.”

ಚಾಚಿದ ಚಿನ್ನದ ಕೈ ಗಾಳಿಯಲ್ಲಿ ನಿಂತೇ ಇತ್ತು. ಮೇಲೆ ಗಾಜಿನ ಹಿಂದೆ ಒಬ್ಬರು ಎದ್ದು ನಿಂತು ಇಣುಕಿದರು. ಬಹುಶಃ ಅದೊಂದೇ ಚಿನ್ನದ ಕೈಯನ್ನು ತಟ್ಟಿತು. ಕೊಕ್ಕೆ ಸಡಿಲಿಸಿದರು. “ಕೊಡಿ,” ಎಂದರು, ಹಲ್ಲುಗಳ ನಡುವಿನಿಂದ. ತಕ್ಷಣ ಮೈಕಿನತ್ತ ಗದ್ದ ತಿರುಗಿಸಿ ಜೇನಿನಂಥ ದನಿಯಲ್ಲಿ, “ಈಗ ನಾವು ಹೃದಯಕ್ಕೆ ಇನ್ನೊಂದು ಸಲ ತಂಪು ಕೊಡ್ತೀವಿ. ಹೃದಯ ಸ್ನಾಯುವಿನ ರಕ್ಷಣೆ ನನಗೆ ಯಾವಾಗಲೂ ಎಲ್ಲಕ್ಕಿಂತ ಮುಖ್ಯ,” ಎಂದರು.

ಹೊಲಿಗೆ ಮುಗಿಯಿತು. ಚೆಂದವಾಗಿಯೇ ಮುಗಿಯಿತು. ಚಿಮಟ ತೆಗೆದಾಗ ಬಿಸಿ ರಕ್ತ ಹೃದಯಕ್ಕೆ ನುಗ್ಗಿತು. ಆರೋಗ್ಯವಾಗಿರುವ ಹೃದಯವಾದರೆ ಆ ಗಳಿಗೆಯಲ್ಲಿ ಮೈಮುರಿದು ಎದ್ದು ಓಡುತ್ತದೆ. ಇದು ಹುಳದ ಹಾಗೆ ಮಿಸುಕಿತು. ಶಾಕ್ ಕೊಟ್ಟ ಮೇಲೆ ಬಡಿಯಿತು, ಸೋತವರ ಹಾಗೆ. ಪಂಪಕ್ಕ ಪಂಪಿನ ವೇಗ ಇಳಿಸಿ ನೋಡಿದಳು, ಒತ್ತಡ ಕುಸಿಯಿತು. ಮತ್ತೆ ಏರಿಸಿದಳು.

“ಸ್ವಲ್ಪ ವಿಶ್ರಾಂತಿ ಕೊಡಿ ಅದಕ್ಕೆ,” ಎಂದರು ಚಿನ್ನದ ಕೈ, ಅದು ಅತಿಯಾಗಿ ದುಡಿದು ದಣಿದಿದೆ ಎಂಬಂತೆ. ಗೌನು ಕಳಚಿದರು. ಅತಿಥಿಗಳ ಜೊತೆ ಕಾಫಿ ಇತ್ತು. ಉಳಿದದ್ದನ್ನು, ಇಷ್ಟು ಹೊತ್ತೂ ಎದುರಿಗೆ ನಿಂತು ಕೈಜೋಡಿಸಿದ್ದ ಸಹಾಯಕ ಸರ್ಜನ್‌ಗೆ ವಹಿಸಿ ಹೊರಟೇಹೋದರು.

ಪಂಪಕ್ಕ, ಭಾವ, ದೊಡ್ಡಮ್ಮ, ಆ ಸಹಾಯಕ ಡಾಕ್ಟರು ಉಳಿದರು. ಪಂಪಕ್ಕ ವೇಗವನ್ನು ಕೂದಲೆಳೆಯಷ್ಟು ಇಳಿಸುವುದು, ಭಾವ ಔಷಧ ಒಂದಿಷ್ಟು ಏರಿಸುವುದು, ಎಲ್ಲರೂ ತೆರೆದ ಎದೆಯೊಳಗೆ ನೋಡುವುದು, ಮತ್ತೆ ಏರಿಸುವುದು. ಎಷ್ಟೋ ಹೊತ್ತಿನ ಮೇಲೆ ಹೃದಯ ತನ್ನ ಭಾರವನ್ನು ತಾನು ಹೊತ್ತಿತು, ಅದೂ ಒಲ್ಲದ ಮನಸ್ಸಿನಿಂದ. ಊದಿಕೊಂಡಿತ್ತು. ಎದೆ ಮುಚ್ಚಿದರೆ ಅದಕ್ಕೆ ಬಡಿಯಲು ಜಾಗ ಸಾಲದು. ಆದ್ದರಿಂದ ಎದೆಯನ್ನು ಹೊಲಿಯದೆ, ಒಂದು ತೆಳು ಪೊರೆ ಹೊದಿಸಿ, ಮಗುವನ್ನು ಹಾಗೆಯೇ ಐಸಿಯುಗೆ ಸಾಗಿಸಿದರು.

ಐಸಿಯು ಬಾಗಿಲ ಬಳಿ ತಾಯಿಯೂ ಅಜ್ಜಿಯೂ ನಿಂತಿದ್ದರು. ಕಾಫಿ ಮುಗಿಸಿದ ಚಿನ್ನದ ಕೈ ಇಬ್ಬರು ಅತಿಥಿಗಳನ್ನು ಹಿಂದಿಟ್ಟುಕೊಂಡೇ ಬಂದರು.

“ಆಪರೇಷನ್ ಪೂರ್ತಿ ಯಶಸ್ವಿ,” ಎಂದರು. “ತೂತು ಮುಚ್ಚಿದ್ದೀನಿ. ಆದರೆ ಮಗುವಿನ ಹೃದಯದ ಸ್ನಾಯುವೇ ದುರ್ಬಲ. ಹುಟ್ಟಿನಿಂದಲೇ ಹಾಗಿರುತ್ತೆ ಕೆಲವು. ನಮ್ಮ ಕೈಲಿ ಇರಲ್ಲ ಅದು.”

ತಾಯಿ ಅಂದು ಮೊದಲ ಬಾರಿಗೆ ಬಾಯಿ ತೆರೆದಳು. “ನಾನು ಬಸುರಿಯಾಗಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ ಡಾಕ್ಟ್ರೇ? ಏನಾದ್ರೂ ತಿಂದು... ಬಿದ್ದಿದ್ದೆ ಒಂದ್ಸಲ.”

ಚಿನ್ನದ ಕೈ ಅವಳ ಭುಜ ತಟ್ಟಿದರು. “ಇರಬಹುದಮ್ಮ, ಹೇಳೋಕಾಗಲ್ಲ. ಈಗ ಅದೆಲ್ಲ ಯೋಚಿಸ್ಬೇಡ,” ಎಂದು ಕರುಣೆಯ ನಗು ನಕ್ಕು, ಅತಿಥಿಗಳನ್ನು ಕರೆದುಕೊಂಡು ಗೋಡೆಯ ಚಿತ್ರದ ಕಡೆಗೆ ನಡೆದರು.

ಮಂಚದ ಹಿಂದೆಯೇ ಬಂದಿದ್ದ ಪಂಪಕ್ಕ ಅದನ್ನೆಲ್ಲ ಕೇಳಿಸಿಕೊಂಡಳು. ಭಾವ ಅವಳ ತೋಳು ಹಿಡಿದು, “ಬಾರಮ್ಮ, ನಮಗ್ಯಾಕೆ,” ಎಂದರು. ಎಷ್ಟು ಸಲೀಸಾದ ಕಳ್ಳತನ! ತನ್ನ ತಪ್ಪನ್ನು ತೆಗೆದು ಒಬ್ಬಳು ಬಾಣಂತಿಯ ಹೊಟ್ಟೆಗೆ ತುರುಕಿ, ಭುಜ ತಟ್ಟಿ ಹೋಗಿಬಿಡುವುದು. ಈ ಮನುಷ್ಯನಿಗೆ ಉಗಿಯಲು ಬಾಯಲ್ಲಿ ಎಂಜಲು ಸಾಲದು. ಹಾಗೆ ಅಂದುಕೊಳ್ಳುವಾಗಲೇ ಮಾನಿಟರಿನ ಆ ಪುಟ್ಟ ಉಬ್ಬು ಅವಳ ಕಣ್ಣಿಗೆ ಕಟ್ಟಿತು. ಅವಳು ಭಾವನ ಕೈ ಕೊಡವಿ ತಾಯಿಯ ಮುಂದೆ ನಿಂತಳು.

“ನೀನು ಏನೂ ತಪ್ಪು ಮಾಡಿಲ್ಲ. ಮಗು ಹೃದಯ ಚೆನ್ನಾಗೇ ಇತ್ತು. ನಿಲ್ಲಿಸಿದಾಗ ಅದಕ್ಕೆ ಆಗಾಗ ತಣ್ಣನೆ ಔಷಧ ಕೊಡ್ಬೇಕು. ತಡ ಆಯ್ತು. ಅದಕ್ಕೇ ಸೊರಗಿದೆ. ಅವರು ಮಾತಾಡ್ತಾ ಮರೆತ್ರು.”

ತಾಯಿ ಕಣ್ಣು ಮಿಟುಕಿಸದೆ ನೋಡಿದಳು. ಅಜ್ಜಿ ಮುಂದೆ ಬಂದಳು.

“ಅವನು ಮರೆತ. ನಿಲ್ಲಿಸಿದಾಗ ನೋಡ್ಕೊಳ್ಳೋಳು ನಾನು ಅಂದಿದ್ಯಲ್ಲ, ನೀನೂ ಮರೆತ್ಯಾ?”

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು.

“ಇಲ್ಲ,” ಎಂದಳು ಪಂಪಕ್ಕ. “ನನಗೆ ಗೊತ್ತಿತ್ತು. ಕೂಗಬೇಡ ಅಂತ ಅವರು ಹೇಳಿದ್ರು. ಆ ಸಿಟ್ಟಿಗೆ, ಮರೆತು ಎಲ್ಲರೆದುರು ಅವರಿಗೆ ಅವಮಾನ ಆಗ್ಲಿ ಅಂತ, ಸ್ವಲ್ಪ ಹೊತ್ತು ಸುಮ್ನಿದ್ದೆ. ಆಮೇಲೆ ಕೂಗಿದೆ.”

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಕತ್ತರಿಸಿ ಕೆಡಿಸಿದ ಬಟ್ಟೆಯನ್ನು ಇನ್ನು ಯಾವುದಕ್ಕೆ ಬಳಸಬಹುದು ಎಂದು ನೋಡುವವರ ಹಾಗೆ ನೋಡಿದಳು. ಚಿನ್ನದ ಕೈಯನ್ನು ಪಂಪಕ್ಕ ಇಷ್ಟು ಕಾಲ ನೋಡುತ್ತಿದ್ದುದು ಈ ನೋಟದಿಂದಲೇ. ಇನ್ನೊಬ್ಬರ ಕಣ್ಣಿನಿಂದ ಅದು ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಹಾಗಾದ್ರೆ ನಿನಗಿಂತ ಅವನೇ ವಾಸಿ,” ಎಂದಳು ಅಜ್ಜಿ. “ಅವನಿಗೆ ನನ್ನ ಮೊಮ್ಮಗಳು ನೆನಪೇ ಇರಲಿಲ್ಲ. ನಿನಗೆ ನೆನಪಿತ್ತು.”

ಪಂಪಕ್ಕ ಐಸಿಯು ಬಾಗಿಲಿಗೆ ಬೆನ್ನು ತಾಗುವವರೆಗೆ ಹಿಂದೆ ಸರಿದಳು.

“ಇಲ್ಲೇನು ನಿಂತಿದೀಯ? ನನ್ನನ್ನಂತೂ ಒಳಗೆ ಬಿಡಲ್ಲ. ಹೋಗು, ಮಗು ಹತ್ರ ನಿಂತ್ಕೋ. ನೋಡ್ತಾ ನಿಂತ್ಕೊಳ್ಳೋದು ನಿನಗೆ ಚೆನ್ನಾಗಿ ಬರುತ್ತಲ್ಲ. ಏನಾದ್ರೂ ಆದ್ರೆ ಬಂದು ಬಾಯಿ ಬಿಡು.”

ಪಂಪಕ್ಕ ಒಳಗೆ ಹೋದಳು. ಪಾಳಿ ಮುಗಿದಿತ್ತು. ಭಾವ, “ಮನೆಗೆ ಬರಲ್ವೇನಮ್ಮ?” ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಔಷಧದ ಪಂಪುಗಳ ಪಕ್ಕದಲ್ಲಿ ತಾವೂ ಒಂದು ಸ್ಟೂಲು ಎಳೆದುಕೊಂಡು ಕೂತರು. ಪೊರೆಯ ಕೆಳಗೆ ಹೃದಯ ಬಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಒತ್ತಡ ಇಳಿಯಿತು, ಏರಿತು, ಮತ್ತೆ ಇಳಿಯಿತು. ಸಂಜೆಯ ಹೊತ್ತಿಗೆ ಮಂಚಕ್ಕೆ ತೂಗಿದ ಚೀಲದಲ್ಲಿ ಹಳದಿಯ ನಾಲ್ಕು ಹನಿ ಕಂಡಿತು. ರಕ್ತ ಮೂತ್ರಪಿಂಡದವರೆಗೆ ತಲುಪುತ್ತಿದೆ ಎಂದು ಅದರ ಅರ್ಥ.

ಪಂಪಕ್ಕ ಬಾಗಿಲು ತೆರೆದಳು. ಅಜ್ಜಿ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಾಯಿ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

“ಮೂತ್ರ ಬಂತು,” ಎಂದಳು ಪಂಪಕ್ಕ. “ಒಳ್ಳೇದು ಅದು.”

ಅಜ್ಜಿ ತಿರುಗಿ ನೋಡಲಿಲ್ಲ. “ಎಷ್ಟು?”

“ಸ್ವಲ್ಪ.”

“ಇನ್ನೂ ಬಂದಾಗ ಹೇಳು.”

ಪಂಪಕ್ಕ ಮತ್ತೆ ಒಳಗೆ ಹೋದಳು.